ಕೆನ್ನೆ ತಿಕ್ಕಬೇಡಿ ಎಂದಿದ್ದೆ

ಆ ಹುಡುಗಿಯನ್ನು ತಾಯಿ ಜಮಖಂಡಿಯ ನಮ್ಮ ಕೇಂದ್ರಕ್ಕೆ ಮೊದಲ ಸಲ ಕರೆತಂದಾಗ ಅವಳಿಗೆ ಐದೂವರೆ ವರ್ಷ. ಬನಹಟ್ಟಿಯಿಂದ ಬಸ್ಸಿನಲ್ಲಿ ಬಂದಿದ್ದರು. ತಾಯಿ ಹೊರಗೆ ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಒಳಗೆ ನುಗ್ಗಿ, ಕೋಣೆಗಳನ್ನೆಲ್ಲ ಸುತ್ತಿ, ಕಸಬರಿಗೆಯಿಂದ ಒಂದು ಕಡ್ಡಿ ಎಳೆದುಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಕಡ್ಡಿಯನ್ನು ಕಣ್ಣ ಮುಂದೆ ಹಿಡಿದು ಬೆಳಕಿಗೆ ಆಡಿಸುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಬಾಯಲ್ಲಿ ಒಂದು ಮಾತೂ ಇರಲಿಲ್ಲ.

ನಮ್ಮದು ಆಟಿಸಂ ಇರುವ ಮಕ್ಕಳಿಗೆ ತರಬೇತಿ ಕೊಡುವ ಸಣ್ಣ ಜಾಗ. ಬಾಡಿಗೆ ಮನೆ, ಕೆಂಪು ಗಾರೆಯ ನೆಲ, ಕುಳ್ಳ ಮೇಜುಗಳು. ನಾನು ಅಲ್ಲಿ ಬಿಹೇವಿಯರ್ ಟೆಕ್ನಿಷಿಯನ್. ಹೆಸರು ದೊಡ್ಡದು, ಕೆಲಸ ಮಾತ್ರ ನೆಲದ ಮೇಲೆ ಕೂತು ಮಾಡುವಂಥದ್ದು. ಮಗುವಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಗೊತ್ತು ಮಾಡುವವರು ಮೇಲ್ವಿಚಾರಕಿ. ಅವರು ಬೆಳಗಾವಿಯಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ನಾವು ಕಳಿಸಿದ ವಿಡಿಯೊ, ಹಾಳೆಗಳನ್ನು ನೋಡಿ ಫೋನಿನಲ್ಲಿ ಹೇಳುತ್ತಿದ್ದರು. ಅವರು ಬರೆದುಕೊಟ್ಟ ಯೋಜನೆಯನ್ನು ಮಗುವಿನ ಜೊತೆ ನಡೆಸುವುದು, ನಡೆದದ್ದನ್ನು ಕಂಡಂತೆ ಬರೆಯುವುದು ನನ್ನ ಪಾಲಿನದು. ಯೋಜನೆಯನ್ನು ನನ್ನಷ್ಟಕ್ಕೆ ನಾನು ಬದಲಿಸುವ ಹಾಗಿಲ್ಲ. ಇದು ಒಳ್ಳೆಯ ನಿಯಮ. ಇವತ್ತಿಗೂ ಹಾಗೆಯೇ ಅಂದುಕೊಂಡಿದ್ದೇನೆ.

ಮೊದಲ ಎರಡು ವಾರ ಅವಳಿಂದ ಏನನ್ನೂ ಕೇಳಬಾರದು. ಕೂತುಕೋ ಎನ್ನಬಾರದು, ಇಲ್ಲಿ ನೋಡು ಎನ್ನಬಾರದು. ಅವಳಿಗೆ ಏನು ಇಷ್ಟವೋ ಅದು ನನ್ನಿಂದ ಬರುವಂತೆ ಮಾಡಬೇಕು, ಅಷ್ಟೇ. ನಾನು ಬಂದರೆ ಒಳ್ಳೆಯದೇನೋ ಬಂತು ಎಂದು ಮಗುವಿಗೆ ಅನ್ನಿಸಬೇಕು. ಆದರೆ ಅವಳಿಗೆ ಏನು ಇಷ್ಟ ಎಂಬುದೇ ಗೊತ್ತಾಗಲಿಲ್ಲ. ಗೊಂಬೆ, ಚೆಂಡು, ಗುಳ್ಳೆ ಊದುವ ನೀರು ಯಾವುದನ್ನೂ ಮುಟ್ಟಲಿಲ್ಲ. ನಮ್ಮ ಕೋಣೆಯಲ್ಲಿ ಕೂತರೆ ಸುಮ್ಮನೆ ಅಳುತ್ತಿದ್ದಳು. ಹೆಚ್ಚಿನ ಮಕ್ಕಳಿಗೆ ಸದ್ದು ಆಗದು ಎಂದು ನಾವು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಕೋಣೆಯನ್ನು ನಿಶ್ಶಬ್ದ ಮಾಡಿಡುತ್ತೇವೆ. ಮೂರನೆಯ ದಿನ ತಾಯಿಯೇ ಸಂಕೋಚದಿಂದ ಹೇಳಿದಳು.

"ಆಕಿಗೆ ಗಪ್ಪಂದ್ರ ಆಗೂದಿಲ್ರಿ ಅಕ್ಕೋರ. ಮನ್ಯಾಗ ಮಗ್ಗ ನಿಂತ್ರ ಮಲಗಿದಾಕಿ ಎದ್ದ ಕುಂಡ್ರತಾಳ."

ಅವರ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಅಪ್ಪ ಅವುಗಳ ನಡುವೆ ನಿಂತು ನೇಯುತ್ತಿದ್ದ, ತಾಯಿ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಹುಡುಗಿ ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳು. ನಾನು ಅಡುಗೆಮನೆಯ ಹಳೆಯ ಟೇಬಲ್ ಫ್ಯಾನು ತಂದು ಹಚ್ಚಿದೆ. ಅದು ಕಟಕಟ ಎಂದು ಸದ್ದು ಮಾಡುತ್ತಿತ್ತು. ಅವಳು ಅಳು ನಿಲ್ಲಿಸಿ ಅದರ ಪಕ್ಕ ಹೋಗಿ ಕೂತಳು. ಮರುದಿನ ತಾಯಿ ಸೆರಗಿನಲ್ಲಿ ಬಣ್ಣಬಣ್ಣದ ನೂಲಿನ ತುಂಡುಗಳನ್ನು ಕಟ್ಟಿಕೊಂಡು ಬಂದಳು. ಒಂದೊಂದೇ ಎಳೆಯನ್ನು ನಾನು ಕೊಡುತ್ತ ಹೋದೆ. ಅವಳು ಬೆರಳುಗಳ ನಡುವೆ ಎಳೆದು, ನೋಡಿ, ಮತ್ತೆ ಕೈ ಚಾಚುತ್ತಿದ್ದಳು. ಎರಡನೆಯ ವಾರ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ತಾಯಿಯ ಕೈ ಬಿಟ್ಟು ಬರತೊಡಗಿದಳು.

ಆಮೇಲೆ ಚಿತ್ರದ ಕಾರ್ಡುಗಳನ್ನು ಶುರು ಮಾಡಿದೆವು. ಮಾತು ಬಾರದ ಮಗು ತನಗೆ ಬೇಕಾದದ್ದರ ಚಿತ್ರವನ್ನು ಎತ್ತಿ ಎದುರಿಗಿದ್ದವರ ಕೈಗೆ ಕೊಡಬೇಕು, ಕೊಟ್ಟ ಕೂಡಲೇ ಆ ವಸ್ತು ಸಿಗಬೇಕು. ಕೇಳಲು ಸುಲಭ. ಮಾಡುವಾಗ ಇಬ್ಬರು ಬೇಕು. ನಾನು ಎದುರಿಗೆ ನೂಲು ಹಿಡಿದು ಕೂರುತ್ತಿದ್ದೆ, ನನ್ನ ಕಿರಿಯ ಸಹೋದ್ಯೋಗಿ ಅವಳ ಹಿಂದೆ ಕೂತು, ಅವಳು ನೂಲಿಗೆ ಕೈ ಚಾಚಿದಾಗ ಆ ಕೈಯನ್ನು ಹಗುರಾಗಿ ಕಾರ್ಡಿನ ಕಡೆ ತಿರುಗಿಸುತ್ತಿದ್ದಳು. ದಿನದಿಂದ ದಿನಕ್ಕೆ ಆ ಸಹಾಯವನ್ನು ಕಡಿಮೆ ಮಾಡಬೇಕು. ಮೊದಲು ಪೂರ್ತಿ ಕೈ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಗೆ ಒಂದು ಸ್ಪರ್ಶ, ಕೊನೆಗೆ ಏನೂ ಇಲ್ಲ. ಪ್ರತಿ ಸಲದ್ದನ್ನೂ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಮೊದಲು ನೂಲು, ನಂತರ ಚುರಮುರಿ, ನಂತರ ಜೋಕಾಲಿ. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಯಾರೂ ಮುಟ್ಟದೆ, ಯಾರೂ ಕೇಳದೆ, ಅವಳು ಗೋಡೆಯ ಹತ್ತಿರ ಹೋಗಿ ನೀರಿನ ಕಾರ್ಡು ಕಿತ್ತುಕೊಂಡು ಬಂದು ನನ್ನ ಅಂಗೈಯಲ್ಲಿಟ್ಟಳು. ಕಿಟಕಿಯಿಂದ ನೋಡುತ್ತಿದ್ದ ತಾಯಿ ಅಲ್ಲೇ ಪಡಸಾಲೆಯಲ್ಲಿ ಕುಸಿದು ಕೂತು ಅತ್ತಳು. ತನ್ನ ಮಗಳು ಹೀಗೆ ತಾನಾಗಿ ಏನನ್ನಾದರೂ ಕೇಳಬಲ್ಲಳು ಎಂದು ಆಕೆ ಅಂದುಕೊಂಡಿರಲಿಲ್ಲ.

ಐದನೆಯ ತಿಂಗಳು ನಡೆಯುತ್ತಿರುವಾಗ ಹುಡುಗಿ ತನ್ನನ್ನು ತಾನೇ ಹೊಡೆದುಕೊಳ್ಳತೊಡಗಿದಳು. ಬಲಗೈ ಮುಷ್ಟಿ ಕಟ್ಟಿ ಬಲಗೆನ್ನೆಯ ಕೆಳಗೆ, ದವಡೆಯ ಮೇಲೆ. ಮೊದಲ ದಿನ ಎರಡು ಸಲ. ಒಂದು ವಾರದಲ್ಲಿ ಲೆಕ್ಕ ಇಡುವ ಗುಂಡಿಯನ್ನು ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯುವಷ್ಟು. ದವಡೆ ಕೆಂಪಾಗುತ್ತಿತ್ತು.

ಇಂಥ ಸಂದರ್ಭಕ್ಕೆ ನಮ್ಮಲ್ಲಿ ಮೂರು ಕಾಲಮ್ಮಿನ ಹಾಳೆಯೊಂದಿದೆ. ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಹತ್ತು ದಿನ ಬರೆದೆ. ಬರೆದದ್ದನ್ನು ಓದಿದರೆ ಒಂದೇ ಕಥೆ ಕಾಣುತ್ತಿತ್ತು. ಮೇಜಿಗೆ ಕರೆದು ಬ್ಲಾಕು ಜೋಡಿಸಲು ಕೊಟ್ಟೆ, ಹೊಡೆದುಕೊಂಡಳು, ಗಾಬರಿಯಾಗಿ ಬ್ಲಾಕು ತೆಗೆದೆ, ನಿಲ್ಲಿಸಿದಳು. ಮತ್ತೆ ಕೊಟ್ಟೆ, ಮತ್ತೆ ಹೊಡೆದುಕೊಂಡಳು. ಕೆಲಸದಿಂದ ತಪ್ಪಿಸಿಕೊಳ್ಳಲು ಮಗು ಕಂಡುಕೊಂಡ ದಾರಿ ಇದು ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ವಿಡಿಯೊಗಳನ್ನು ನೋಡಿ ಮೇಲ್ವಿಚಾರಕಿಯೂ ಅದನ್ನೇ ಹೇಳಿದರು. ಆದರೆ ಯೋಜನೆ ಬರೆಯುವ ಮುಂಚೆ ಅವರು ಒಂದು ಹಾಳೆ ಕಳಿಸಿದರು. ಅದರಲ್ಲಿ ಮೊದಲ ಪ್ರಶ್ನೆಯೇ, ಮಗುವಿಗೆ ಜ್ವರ, ಕಿವಿನೋವು, ಹಲ್ಲುನೋವು, ಹೊಟ್ಟೆನೋವು ಇದೆಯೇ, ವಿಚಾರಿಸಲಾಗಿದೆಯೇ ಎಂಬುದಾಗಿತ್ತು.

ಅವತ್ತು ನಾನು ತಾಯಿಯನ್ನು ಬಾಗಿಲಲ್ಲಿ ಕೇಳಿದೆ. ಆಕೆ ಬನಹಟ್ಟಿ ಬಸ್ಸಿಗೆ ಹೊರಟಿದ್ದಳು, ಮಗಳು ಕೈ ಜಗ್ಗುತ್ತಿದ್ದಳು. ಆರಾಮದಾಳಲ್ರಿ, ಜ್ವರ ಗಿರ ಏನೂ ಇಲ್ಲಲ್ರಿ ಎಂದೆ. ಇಲ್ರಿ ಎಂದಳು. ನಾನು ಕೇಳಿದ ರೀತಿಗೆ ಬೇರೆ ಉತ್ತರ ಬರುವಂತಿರಲಿಲ್ಲ. ಒಳಗೆ ಬಂದು 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿದೆ, 'ವಿಚಾರಿಸಲಾಗಿದೆ' ಎಂಬುದರ ಮುಂದೆಯೂ ಹಾಕಿದೆ. ಕೆಳಗೆ ಸಹಿ ಮಾಡಿದೆ.

ಆ ಹಾಳೆಯನ್ನು ನಂಬಿ ಯೋಜನೆ ಬಂತು. ಹೊಡೆದುಕೊಂಡರೆ ಕೆಲಸ ತಪ್ಪಬಾರದು. ಪೆಟ್ಟು ಬೀಳದ ಹಾಗೆ ನನ್ನ ಅಂಗೈ ಅಡ್ಡ ಹಿಡಿಯಬೇಕು. ಮಾತಾಡಬಾರದು, ಮುಖದಲ್ಲಿ ಏನೂ ತೋರಿಸಬಾರದು. ಅವಳ ಕೈ ಹಿಡಿದು ಬ್ಲಾಕನ್ನು ಡಬ್ಬಿಗೆ ಹಾಕಿಸಬೇಕು, ಮುಗಿದ ಮೇಲೆ ಹೊಗಳಿ ಎದ್ದುಹೋಗಲು ಬಿಡಬೇಕು. ಮೊದಮೊದಲು ಹೊಡೆತ ಹೆಚ್ಚಾಗುತ್ತದೆ, ಹೆದರಬೇಡಿ, ನಡುವೆ ಬಿಟ್ಟರೆ ಇನ್ನೂ ಗಟ್ಟಿಯಾಗುತ್ತದೆ ಎಂದು ಮೇಲ್ವಿಚಾರಕಿ ಎಚ್ಚರಿಸಿದ್ದರು. ಅವರು ಹೇಳಿದಂತೆಯೇ ಹೆಚ್ಚಾಯಿತು. ನಾನು ಹೆದರಲಿಲ್ಲ.

ಆ ವಾರವೇ ತಾಯಿ ನನ್ನ ಹತ್ತಿರ ಬಂದು ಮನೆಯ ವಿಷಯ ಹೇಳಿದಳು. ಮನೆಯಲ್ಲೂ ಹುಡುಗಿ ಹೊಡೆದುಕೊಳ್ಳುತ್ತಿದ್ದಳಂತೆ. ಆಗ ತಾಯಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಗೈಯಿಂದ ಕೆನ್ನೆ ತಿಕ್ಕುತ್ತಿದ್ದಳಂತೆ.

"ತಿಕ್ಕಿದ್ರ ಸುಮ್ನಾಗ್ತಾಳ್ರಿ ಅಕ್ಕೋರ. ತಾನ ನನ್ನ ಕೈ ಜಗ್ಗಿ ಕೆನ್ನಿ ಮ್ಯಾಲ ಇಟ್ಕೋತಾಳ."

ಇದನ್ನು ಬರೆಯುವಾಗಲೂ ನನ್ನ ಧ್ವನಿ ನನಗೆ ಕೇಳಿಸುತ್ತದೆ. ಎಷ್ಟು ಸಮಾಧಾನದಿಂದ, ಎಷ್ಟು ತಿಳಿದವಳಂತೆ ಹೇಳಿದೆ.

"ತಿಕ್ಕಬ್ಯಾಡ್ರಿ. ಹೊಡ್ಕೊಂಡ್ರ ಅವ್ವ ಎತ್ಕೋತಾಳ ಅಂತ ಆಕಿಗೆ ಗೊತ್ತಾಗೇತಿ. ನೀವು ತಿಕ್ಕಿದಷ್ಟೂ ಹೆಚ್ಚು ಮಾಡ್ತಾಳ. ಆ ಹೊತ್ತಿನ್ಯಾಗ ಮುಖ ಆ ಕಡೆ ತಿರುವ್ರಿ."

ಆಕೆ ಕಲಿತವರು ಹೇಳುತ್ತಿದ್ದಾರೆ ಎಂದು ತಲೆಯಾಡಿಸಿದಳು. ಅಪ್ಪನಿಗೂ ನಾನೇ ಫೋನು ಮಾಡಿ, ಹೊಡೆದುಕೊಂಡಾಗ ಕೈ ಹಿಡಿದು ತಡೆಯಿರಿ, ಎತ್ತಿಕೊಳ್ಳಬೇಡಿ ಎಂದು ವಿವರಿಸಿದೆ, ಮನೆಯಲ್ಲಿ ಇಬ್ಬರೂ ಒಂದೇ ರೀತಿ ನಡೆದುಕೊಂಡರೆ ಮಾತ್ರ ಇದು ನಿಲ್ಲುತ್ತದೆ ಎಂದೆ. ನೀವು ಹೇಳಿದ್ದ ಮಾಡ್ತೇವ್ರಿ ಎಂದ. ಮಾಡಿದರು. ನಮ್ಮಲ್ಲಿ ಬರುವ ಎಷ್ಟೋ ಮನೆಗಳವರು ಮೂರು ದಿನಕ್ಕೆ ಸೋತು ಬಿಟ್ಟುಬಿಡುತ್ತಾರೆ. ಇವರು ಬಿಡಲಿಲ್ಲ.

ನಾಲ್ಕನೆಯ ವಾರಕ್ಕೆ ಸಂಖ್ಯೆ ಇಳಿಯತೊಡಗಿತು. ಐದನೆಯ ವಾರ ಒಂದು ದಿನ ಒಂದೇ ಒಂದು ಹೊಡೆತ. ಅವಳು ಮೇಜಿಗೆ ಬಂದು ಕೂರುತ್ತಿದ್ದಳು, ಬ್ಲಾಕು ಜೋಡಿಸುತ್ತಿದ್ದಳು, ಎದ್ದುಹೋಗುತ್ತಿದ್ದಳು. ಗ್ರಾಫ್ ನೋಡಿ ಮೇಲ್ವಿಚಾರಕಿ ಫೋನಿನಲ್ಲಿ ಮೆಚ್ಚಿಕೊಂಡರು. ನನಗೆ ಹೆಮ್ಮೆಯಾಗಿತ್ತು. ಮನೆಗೆಂದು ಮುಧೋಳಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ಆ ಗ್ರಾಫನ್ನು ಫೋನಿನಲ್ಲಿ ಇನ್ನೊಮ್ಮೆ ತೆಗೆದು ನೋಡಿಕೊಂಡದ್ದು ನೆನಪಿದೆ.

ಅದರ ಮುಂದಿನ ಬುಧವಾರ ಮಧ್ಯಾಹ್ನ ತಿಂಗಳ ಹಾಳೆಗಳನ್ನೆಲ್ಲ ಸೇರಿಸಿ ಬರೆಯುತ್ತ ಕೂತಿದ್ದೆ. ಹೊಡೆತದ ಹಾಳೆ ಮುಗಿಸಿ ಕಾರ್ಡಿನ ಹಾಳೆ ತೆಗೆದೆ. ಅವಳು ತಾನಾಗಿ ಎಷ್ಟು ಸಲ ಏನೇನು ಕೇಳಿದಳು ಎಂಬ ಲೆಕ್ಕ ಅದು. ಹೊಡೆತಕ್ಕೆ ಗಮನ ಕೊಟ್ಟು ಕೊಟ್ಟು ಆ ಹಾಳೆಯನ್ನು ನಾನು ದಿನವೂ ತುಂಬುತ್ತಿದ್ದೆನೇ ಹೊರತು ಓದಿರಲಿಲ್ಲ. ಐದು ವಾರಗಳ ಕೆಳಗೆ ಚುರಮುರಿ ದಿನಕ್ಕೆ ಹತ್ತಾರು ಸಲ. ಈಗ ಹನ್ನೆರಡು ದಿನಗಳಿಂದ ಒಂದು ಸಲವೂ ಇಲ್ಲ. ನೂಲಿಲ್ಲ. ಜೋಕಾಲಿ ಇಲ್ಲ. ನೀರು ಮಾತ್ರ ಅಲ್ಲೊಂದು ಇಲ್ಲೊಂದು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಹೊಡೆತದ ಗೆರೆ ಇಳಿದ ದಿನಗಳಲ್ಲೇ ಕೇಳುವ ಗೆರೆಯೂ ಇಳಿದಿತ್ತು. ಅವಳು ಹೊಡೆದುಕೊಳ್ಳುವುದನ್ನಷ್ಟೇ ಬಿಟ್ಟಿರಲಿಲ್ಲ, ನಮ್ಮನ್ನು ಏನನ್ನಾದರೂ ಕೇಳುವುದನ್ನೇ ಬಿಟ್ಟಿದ್ದಳು.

ಆಗಲೂ ನನಗೆ ಹಲ್ಲಿನ ವಿಷಯ ಹೊಳೆಯಲಿಲ್ಲ. ಏನೋ ಸರಿಯಿಲ್ಲ ಎಂದಷ್ಟೇ ಅನ್ನಿಸಿತು. ಶುಕ್ರವಾರ ಅವಳು ಬಂದಾಗ ಬ್ಲಾಕು ತೆಗೆಯಲಿಲ್ಲ. ಎದುರಿಗೆ ಚುರಮುರಿಯ ತಟ್ಟೆ ಇಟ್ಟು ಸುಮ್ಮನೆ ನೋಡುತ್ತ ಕೂತೆ. ಬಹಳ ಹೊತ್ತು ತಟ್ಟೆಯನ್ನೇ ನೋಡಿದಳು. ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು, ತಲೆಯನ್ನು ಎಡಕ್ಕೆ ವಾಲಿಸಿ ಎಡಗಡೆಯಿಂದ ಅಗಿಯಲು ನೋಡಿದಳು, ಬೆರಳಿಂದ ಹೊರಗೆ ತೆಗೆದು ನೆಲದ ಮೇಲಿಟ್ಟಳು. ಗಡಿಗೆಯ ತಣ್ಣೀರು ಕೊಟ್ಟೆ. ಒಂದು ಗುಟುಕು ಬಾಯಿಗೆ ಹೋದ ಕೂಡಲೇ ಮೈಯೆಲ್ಲ ಸೆಟೆದು ಲೋಟ ಕೈಬಿಟ್ಟಳು. ಆಗ ಹತ್ತಿರ ಹೋಗಿ ಅವಳ ಮುಖವನ್ನು ಮುಖದಂತೆ ನೋಡಿದೆ. ಬಲದವಡೆ ಎಡಕ್ಕಿಂತ ದಪ್ಪವಾಗಿತ್ತು. ಹೊಡೆದುಕೊಂಡದ್ದರಿಂದ ಬಾತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಮೇಲ್ವಿಚಾರಕಿಗೆ ಫೋನು ಮಾಡಿದೆ. ಅವರು ಪ್ರಯಾಣದಲ್ಲಿದ್ದರು, ಫೋನು ಹತ್ತಲಿಲ್ಲ. ಎರಡು ಸಲ, ಮೂರು ಸಲ. ಸಹೋದ್ಯೋಗಿ ಹುಡುಗಿ ನಿಯಮ ನೆನಪಿಸಿದಳು. ಅವರನ್ನು ಕೇಳದೆ ಯೋಜನೆ ನಿಲ್ಲಿಸುವಂತಿಲ್ಲ, ಮನೆಯವರಿಗೆ ವೈದ್ಯಕೀಯ ವಿಷಯ ನಾವು ಹೇಳುವಂತಿಲ್ಲ, ಸೋಮವಾರದವರೆಗೆ ಕಾಯೋಣ ಎಂದಳು. ತಪ್ಪು ಮಾತಲ್ಲ. ನಾನೇ ಅವಳಿಗೆ ಕಲಿಸಿದ ಮಾತು. ಹಾಳೆಗಳನ್ನು ಸಿಕ್ಕಿಸಿದ ಹಲಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಪಡಸಾಲೆಯಲ್ಲಿ ಕೂತಿದ್ದ ತಾಯಿಯ ಹತ್ತಿರ ಹೋಗಿ, ಇವತ್ತು ಪಾಠ ಬೇಡ, ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ ಎಂದೆ.

ಜಮಖಂಡಿಯ ಡಾಕ್ಟರು ಒಳ್ಳೆಯ ಮನುಷ್ಯ. ಆದರೆ ಅವಳು ಬಾಯಿ ತೆರೆಯಲೊಲ್ಲಳು. ಕಿರುಚಿದಾಗ ಮಾತ್ರ ಟಾರ್ಚು ಹಿಡಿದು ಒಂದು ಕ್ಷಣ ನೋಡಿದರು. ಹಿಂದಿನ ಎರಡು ಹಲ್ಲು ಪೂರ್ತಿ ಹುಳುಕಾಗಿವೆ, ಒಸಡು ಬಾತಿದೆ, ಎಚ್ಚರವಿರುವಾಗ ಇವಳಿಗೆ ಏನೂ ಮಾಡಲಾಗದು, ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ತೆಗೆಯಬೇಕು ಎಂದರು. ನೋವಿಗೂ ಕೀವಿಗೂ ಔಷಧಿ ಬರೆದುಕೊಟ್ಟರು. ಅಪ್ಪ ಮಗ್ಗದ ಮೇಲಿದ್ದ ಬೀಮಿನ ನೂಲನ್ನು ನೇಯ್ದು ಮುಗಿಸಿಕೊಡಲೇಬೇಕಾಗಿತ್ತು, ಆದ್ದರಿಂದ ಸೋಮವಾರ ಬೆಳಿಗ್ಗೆ ತಾಯಿ, ಮಗಳು, ನಾನು ಹೊರಟೆವು.

ಬಸ್ಸು ಬೀಳಗಿಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತಿತು. ಹುಡುಗಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಇದ್ದಕ್ಕಿದ್ದ ಹಾಗೆ ಎದ್ದು ಮುಷ್ಟಿಯಿಂದ ದವಡೆಗೆ ಹೊಡೆದುಕೊಂಡಳು. ತಾಯಿಯ ಕೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ಬಂದು ನಿಂತಿತು. ಆಕೆ ನನ್ನ ಮುಖ ನೋಡಿದಳು.

"ಈಗ ತಿಕ್ಲೇನ್ರಿ ಅಕ್ಕೋರ?"

ಹಡೆದ ತಾಯಿ ತನ್ನ ಮಗಳ ಕೆನ್ನೆ ಮುಟ್ಟಲು ನನ್ನ ಅಪ್ಪಣೆ ಕೇಳುತ್ತಿದ್ದಳು. ನಾನು ತಲೆಯಾಡಿಸಿದೆ. ಆಕೆ ಬಹಳ ಹಗುರಾಗಿ, ಬಾತ ಜಾಗ ತಪ್ಪಿಸಿ, ಕಣ್ಣಿನ ಕೆಳಗಿನಿಂದ ಕಿವಿಯವರೆಗೆ ಸವರತೊಡಗಿದಳು. ಹುಡುಗಿ ಆ ಕೈಯನ್ನು ಹಿಡಿದುಕೊಳ್ಳಲಿಲ್ಲ. ಕಣ್ಣು ತೆರೆದು ಬಸ್ಸಿನ ಮೇಲ್ಛಾವಣಿ ನೋಡುತ್ತ ಮಲಗಿದ್ದಳು.

ಆಸ್ಪತ್ರೆಯಲ್ಲಿ ಎರಡು ಹಲ್ಲು ತೆಗೆದರು. ಬೇರಿನ ಕೆಳಗೆ ಕೀವು ಕಟ್ಟಿತ್ತು. ಹೊರಗೆ ಬಂದ ಡಾಕ್ಟರು, ಇದು ಇವತ್ತು ನಿನ್ನೆಯದಲ್ಲ, ಒಂದೂವರೆ ಎರಡು ತಿಂಗಳಾದರೂ ಆಗಿರಬೇಕು, ದೊಡ್ಡವರಾಗಿದ್ದರೆ ಒಂದು ದಿನವೂ ತಡೆಯುತ್ತಿರಲಿಲ್ಲ ಎಂದರು. ಅವರು ಗದರಿಸಿ ಹೇಳಲಿಲ್ಲ. ನಾನು ಮನಸ್ಸಿನಲ್ಲೇ ವಾರಗಳನ್ನು ಹಿಂದಕ್ಕೆ ಎಣಿಸಿದೆ. ಮೂರು ಕಾಲಮ್ಮಿನ ಹಾಳೆಯ ಮೊದಲ ದಿನಕ್ಕಿಂತಲೂ ಹಿಂದೆ ಹೋಯಿತು. ಬ್ಲಾಕು ಕೊಟ್ಟಾಗಲೇ ಏಕೆ ಹೊಡೆದುಕೊಳ್ಳುತ್ತಿದ್ದಳು ಎಂಬುದೂ ಆಗ ತಿಳಿಯಿತು. ಮೇಜಿಗೆ ಕರೆಯುವ ಮುನ್ನ ಅವಳನ್ನು ಖುಷಿಪಡಿಸಲೆಂದು ದಿನವೂ ಒಂದು ಮುಷ್ಟಿ ಚುರಮುರಿ ತಿನ್ನಿಸುತ್ತಿದ್ದವಳು ನಾನೇ. ಅಗಿದು ಮುಗಿಸಿ ಬಂದು ಕೂತ ಮೇಲೆ ನೋವು ಎದ್ದು, ಇಳಿದು, ಮತ್ತೆ ಏಳುತ್ತಿತ್ತು. ನಾನು ಮೇಜಿನಿಂದ ಆಚೆಗಿನದನ್ನು 'ಮೊದಲು' ಎಂಬ ಕಾಲಮ್ಮಿನಲ್ಲಿ ಬರೆದೇ ಇರಲಿಲ್ಲ.

ಮೇಲ್ವಿಚಾರಕಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಬಾಗಿಲಲ್ಲಿ ನಿಂತು ಕೇಳಿದ್ದನ್ನೂ ಮುಚ್ಚಿಡಲಿಲ್ಲ. ಅವರು ಮರುದಿನವೇ ಬಂದರು. ತುಂಬಾ ಹೊತ್ತು ಹಾಳೆಗಳನ್ನು ತಿರುವಿದರು. ಕೇಳಿದ್ದು ನೀವು, ಸಾಕು ಅಂದುಕೊಂಡದ್ದು ನಾನು, ಡಾಕ್ಟರ ಚೀಟಿ ಇಲ್ಲದೆ ಯೋಜನೆ ಬರೆಯಬಾರದಿತ್ತು ಎಂದರು. ಅಂದಿನಿಂದ ನಮ್ಮಲ್ಲಿ ಆ ಪ್ರಶ್ನೆಗೆ ನಾವು ಗುರುತು ಹಾಕುವುದಿಲ್ಲ. ಹಲ್ಲು, ಕಿವಿ, ಹೊಟ್ಟೆ ಮೂರನ್ನೂ ಡಾಕ್ಟರು ನೋಡಿ ಬರೆದುಕೊಡುವ ತನಕ ಇಂಥ ಯಾವ ಯೋಜನೆಯೂ ಶುರುವಾಗುವುದಿಲ್ಲ.

ಆ ಭಾನುವಾರ ನಾನು ಬನಹಟ್ಟಿಗೆ ಹೋದೆ. ಅಪ್ಪನಿಗೆ ನನ್ನ ಬಾಯಿಂದಲೇ ಹೇಳಬೇಕಾಗಿತ್ತು. ನನ್ನನ್ನು ಕಂಡು ಅವನು ಎರಡೂ ಮಗ್ಗ ನಿಲ್ಲಿಸಿದ. ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಚಾಪೆ ಹಾಸಿದ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ನಾನು ಹೇಳಿದ್ದನ್ನೆಲ್ಲ ಕೇಳಿ ತನ್ನ ಅಂಗೈಗಳನ್ನೇ ನೋಡುತ್ತ ಕೂತ.

"ಆಕಿ ಕೈ ನಾನೂ ಹಿಡದೇನಲ್ರಿ," ಎಂದ. "ಗಟ್ಟ್ಯಾಗಿ ಹಿಡದೇನಿ. ಬಿಟ್ರ ಆಕಿದ ಬಾಳೇ ಹಾಳಾಕ್ಕೈತಿ ಅಂತ ತಿಳ್ದ ಹಿಡದೇನಿ."

ತಾಯಿ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಇಷ್ಟು ದಿನದಲ್ಲಿ ಆಕೆ ನನ್ನನ್ನು ಏನೂ ಅಂದಿರಲಿಲ್ಲ. ಅವತ್ತೂ ಅಂದದ್ದು ನನಗಲ್ಲ ಅನ್ನಿಸುತ್ತದೆ.

"ನಾ ಆ ಕಡೆ ಮುಖ ತಿರುವಿದಾಗ ಆಕಿ ಎದ್ದ ಬಂದ ಈ ಕಡೆ ನಿಂದರತಿದ್ಲು. ನಾ ಮತ್ತ ತಿರುಗತಿದ್ದೆ. ಮೂರ್ನಾಕ್ ದಿನ ಹಾಂಗ ಮಾಡಿದ್ಲು. ಆಮ್ಯಾಲ ಬರೂದ ಬಿಟ್ಲು."

ಮಗ್ಗ ನಿಂತದ್ದಕ್ಕೆ ಒಳಗಿನ ಕೋಣೆಯಲ್ಲಿ ಹುಡುಗಿ ಎದ್ದು ಕೂತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ಅಪ್ಪ ಎದ್ದುಹೋಗಿ ಒಂದು ಮಗ್ಗ ಚಾಲೂ ಮಾಡಿದ. ಆ ಸದ್ದಿನಲ್ಲಿ ಇನ್ನು ಮಾತಾಡುವಂತಿರಲಿಲ್ಲ. ಹೊರಡುವಾಗ ತಾಯಿ ಹಣೆಗೆ ಕುಂಕುಮ ಹಚ್ಚಿ, ಒಂದು ವಾರ ಬಿಟ್ಟು ಕರೆದುಕೊಂಡು ಬರುತ್ತೇನೆ ಎಂದಳು. ಬೇರೆಲ್ಲಿಗೂ ಹೋಗಲು ಅವರಿಗೆ ಜಾಗವಿರಲಿಲ್ಲ. ಮಾತು ಬಾರದ ಮಕ್ಕಳಿಗೆಂದು ಸುತ್ತಲ ಊರುಗಳಲ್ಲಿ ಅವರಿಗೆ ಗೊತ್ತಿದ್ದದ್ದು ನಮ್ಮದೊಂದೇ ಮನೆ.

ಅವಳು ಬಂದ ದಿನ ನಾನು ಎಂದಿನಂತೆ ಬಾಗಿಲಲ್ಲಿ ಕೆಂಪು ನೂಲು ಹಿಡಿದು ಕೂತಿದ್ದೆ. ಬಾವು ಇಳಿದು ಮುಖ ಚಿಕ್ಕದಾಗಿತ್ತು. ಓಡಿಹೋಗುತ್ತಾಳೆ, ಅಳುತ್ತಾಳೆ, ನನ್ನನ್ನು ಹೊಡೆಯುತ್ತಾಳೆ ಎಂದೆಲ್ಲ ಎಣಿಸಿದ್ದೆ. ಅವಳು ಹಾಗೇನೂ ಮಾಡಲಿಲ್ಲ. ನೆಟ್ಟಗೆ ನಡೆದು ಬಂದು ಮೇಜಿನ ಮುಂದೆ ಕೂತಳು. ನೂಲಿನ ಕಡೆ ನೋಡಲಿಲ್ಲ. ಎದ್ದುಹೋಗಿ ಅವಳ ಎದುರಿಗೆ ಕೂತೆ. ನಾನು ಇನ್ನೂ ಏನೂ ಹೇಳಿರಲಿಲ್ಲ, ಬ್ಲಾಕಿನ ಡಬ್ಬಿ ಕಪಾಟಿನಲ್ಲಿತ್ತು. ಅವಳು ತನ್ನ ಬಲಗೈ ಚಾಚಿ, ಮಣಿಕಟ್ಟು ಮೇಲೆ ಮಾಡಿ, ನನ್ನ ಅಂಗೈಯೊಳಗೆ ಇಟ್ಟಳು. ಹಿಡಿದು ನಡೆಸಿಕೋ ಎನ್ನುವ ಹಾಗೆ. ಆ ಕೈಯಲ್ಲಿ ಯಾವ ಬಲವೂ ಇರಲಿಲ್ಲ. ಒಣಗಲು ಹಾಕಿದ ಬಟ್ಟೆಯ ಹಾಗಿತ್ತು.

ಇಷ್ಟು ವರ್ಷ ನಾನು ಕಲಿತ ಕೆಲಸದಲ್ಲಿ ಅದನ್ನು ಒಳ್ಳೆಯ ಗುರುತು ಎಂದು ಬರೆಯಬಹುದಿತ್ತು. ಕೂತಳು, ತಡೆಯಲಿಲ್ಲ, ಸಹಕರಿಸಿದಳು. ನಾನು ಆ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಎದ್ದು ಹೊರಗೆ ಬಂದೆ.

ಆ ಮಧ್ಯಾಹ್ನವೇ ಮೇಲ್ವಿಚಾರಕಿಗೆ ಫೋನು ಮಾಡಿ, ಈ ಮಗುವಿನಿಂದ ನನ್ನನ್ನು ಬಿಡಿಸಿ ಎಂದೆ. ಅವರು ಒಪ್ಪಲಿಲ್ಲ. ನಾನು ಅವಳೊಂದಿಗೆ ಆರು ತಿಂಗಳು ಕಳೆದವಳು, ಹಾಳಾದದ್ದನ್ನು ಸರಿಪಡಿಸಬಲ್ಲವಳೂ ನಾನೇ, ಮತ್ತೆ ಮೊದಲಿನಿಂದ ನೂಲು ಹಿಡಿದು ಶುರು ಮಾಡಿ ಎಂದರು. ನನಗೂ ಆಸೆಯಿತ್ತು. ಅವಳು ಮತ್ತೆ ಬಾಗಿಲಿಂದ ತಾಯಿಯ ಕೈ ಬಿಟ್ಟು ಬರುವುದನ್ನು ನೋಡಬೇಕು ಎಂದು ಬಹಳ ಆಸೆಯಿತ್ತು. ಆದರೆ ಆ ಆಸೆ ನನ್ನದು. ಸರಿಯಾಗುವ ತನಕ ದಿನವೂ ನನ್ನ ಎದುರಿಗೆ ಕೂರಬೇಕಾದವಳು ಅವಳು. ಎರಡು ದಿನ ಯೋಚಿಸಿ ಮತ್ತೆ ಅದನ್ನೇ ಹೇಳಿದೆ. ಕಿರಿಯ ಸಹೋದ್ಯೋಗಿ ಅವಳನ್ನು ವಹಿಸಿಕೊಂಡಳು.

ಮೇಜು ತೆಗೆಸಿ ಕೋಣೆ ಬದಲಿಸಿದೆವು. ಅವಳ ಕೈಯನ್ನು ಯಾರೂ ಹಿಡಿಯಬಾರದು ಎಂದು ಯೋಜನೆಯಲ್ಲೇ ಬರೆಯಿಸಿದೆ. ಎಲ್ಲಕ್ಕಿಂತ ಮೊದಲು 'ಬೇಡ' ಎಂಬ ಕಾರ್ಡು ಕಲಿಸಿದರು. ಅದನ್ನು ಕೊಟ್ಟ ಕೂಡಲೇ, ಏನು ನಡೆಯುತ್ತಿದ್ದರೂ ನಿಲ್ಲಿಸಬೇಕು. ಅವಳು ನಂಬಲು ಬಹಳ ದಿನ ಹಿಡಿಯಿತು. ನೋವಿನ ಕಾರ್ಡು ಕಲಿಸುವುದು ಇನ್ನೂ ಕಷ್ಟ. ನೀರನ್ನು, ನೂಲನ್ನು ಎದುರಿಗೆ ಹಿಡಿದು ತೋರಿಸಬಹುದು, ನೋವನ್ನು ತೋರಿಸಲಾಗದು, ತಂದುಕೊಡಲೂಬಾರದು. ಆಡುವಾಗ ಬಿದ್ದು ಮೊಣಕಾಲು ತರಚಿದರೆ, ಸೊಳ್ಳೆ ಕಚ್ಚಿ ಬಾತರೆ, ಆ ಗಳಿಗೆಗೆ ಕಾದು ಕಾರ್ಡು ಕೊಟ್ಟು ಊದಿ ಎಣ್ಣೆ ಹಚ್ಚಬೇಕು. ಆ ಚಿತ್ರಗಳನ್ನು ನಾನು ಪಕ್ಕದ ಕೋಣೆಯಲ್ಲಿ ಕೂತು ಬರೆದೆ. ವಾರದಲ್ಲಿ ಅವಳು ಬರುವ ಮೂರು ದಿನ, ಅವಳು ಒಳಗೆ ಹೋಗುವ ತನಕ ನಾನು ಹಿತ್ತಲಲ್ಲಿರುತ್ತೇನೆ.

ಈಗ ಅವಳು ಮತ್ತೆ ಚುರಮುರಿ ಕೇಳುತ್ತಾಳಂತೆ. ಮನೆಯಲ್ಲಿ ಅವ್ವನ ಹಿಂದೆಯೇ ಇರುತ್ತಾಳಂತೆ. ಇವೆಲ್ಲ ಸಹೋದ್ಯೋಗಿ ಹೇಳಿದ ಮಾತು. ತಾಯಿ ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಾಳೆ, ಆದರೆ ಮಗಳ ವಿಷಯದಲ್ಲಿ ಏನನ್ನೂ ಕೇಳುವುದಿಲ್ಲ.

ಈಚೆಗೆ ಕೇಂದ್ರಕ್ಕೆ ನಾಲ್ವರು ಹೊಸ ಹುಡುಗಿಯರು ಕೆಲಸಕ್ಕೆ ಸೇರಿದರು. ಅವರ ತರಬೇತಿಗೆ ಆ ವಾರಗಳ ವಿಡಿಯೊ ತೋರಿಸಬೇಕು ಎಂದು ನಾನೇ ಕೇಳಿಕೊಂಡೆ. ಅಪ್ಪ ಅಮ್ಮ ಇಬ್ಬರೂ ಒಪ್ಪಿ ಸಹಿ ಹಾಕಿಕೊಟ್ಟರು. ತೋರಿಸುವ ಮುಂಚೆ ಒಬ್ಬಳೇ ಕೂತು ಮೊದಲ ವಿಡಿಯೊ ಹಾಕಿದೆ. ಯೋಜನೆ ಶುರುವಾಗುವುದಕ್ಕೂ ಮುಂಚಿನದು. ಹುಡುಗಿ ಬ್ಲಾಕು ಹಾಕುತ್ತಾಳೆ, ನಾನು ಶಾಣ್ಯಾಕಿ ಎಂದು ಚಪ್ಪಾಳೆ ತಟ್ಟಿ ಹಾಳೆಯಲ್ಲಿ ಬರೆಯಲು ತಲೆ ಬಗ್ಗಿಸುತ್ತೇನೆ. ಆ ಎರಡು ಕ್ಷಣದಲ್ಲಿ ಅವಳು ಬಾಗಿ ಮೇಜಿನ ತಣ್ಣನೆಯ ಹಲಗೆಗೆ ಬಲಗೆನ್ನೆ ಒತ್ತುತ್ತಾಳೆ. ನಾನು ತಲೆ ಎತ್ತುವಷ್ಟರಲ್ಲಿ ನೆಟ್ಟಗೆ ಕೂತಿರುತ್ತಾಳೆ. ಇದನ್ನು ನಾನು ಹಿಂದೆ ಎಷ್ಟೋ ಸಲ ನೋಡಿದ್ದೆ. ಮೇಲ್ವಿಚಾರಕಿಯೂ ನೋಡಿದ್ದರು.

ಹುಡುಗಿಯರಿಗೆ ಏನೂ ಹೇಳದೆ ಅದನ್ನೇ ಹಾಕಿದೆ. ಬ್ಲಾಕು ಡಬ್ಬಿಗೆ ಬಿದ್ದಾಗ, ನನ್ನ ಚಪ್ಪಾಳೆ ಕೇಳಿದಾಗ ನಾಲ್ವರ ಮುಖದಲ್ಲೂ ನಗು ಬಂತು. ಎಷ್ಟು ಛಂದ ಮಾಡಿದ್ಲರಿ ಎಂದಳು ಒಬ್ಬಳು. ವಿಡಿಯೊ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸಲು ಬಹಳ ಹೊತ್ತಾಯಿತು. ಕೊನೆಗೆ ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ರಬಕವಿಯಿಂದ ಬರುವವಳು, ಕೇಳಿದಳು.

"ಈಗ ಆಕಿ ನಿಮ್ಮ ಹಂತ್ಯಾಕ ಬರ್ತಾಳೇನ್ರಿ ಅಕ್ಕಾ?"

"ಇಲ್ಲವಾ," ಎಂದೆ. "ಬರೂದಿಲ್ಲ."

ನಾನು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಚ್ಚಿ, ಬ್ಲಾಕು ನೋಡಬ್ಯಾಡ್ರಿ, ಈ ಸಲ ಮಗೂನ್ನ ನೋಡ್ರಿ ಎಂದೆ.